ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲು

ಉಡುಪಿ ಜಿಲ್ಲೆಯ ಮಲ್ಪೆಯಿಂದ ಪಡುವಣಕ್ಕೆ ಸುಮಾರು 6 ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿ ಪುಟ್ಟ ಪುಟ್ಟ ದ್ವೀಪಗಳ ಒಂದು ಸಾಲಿದೆ. ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ತೆಂಕಣದಿಂದ ಬಡಗಣಕ್ಕೆ ಹರಡಿರುವ ಈ ಸಾಲಿಗೆ ಸೇಂಟ್ ಮೇರೀಸ್ ದ್ವೀಪಗಳು ಎಂದು ಹೆಸರು. ತೋನ್ಸೆಪಾರ್ ಎಂಬುದು ಊರಿನವರ ಬಾಯಲ್ಲಿರುವ ಇನ್ನೊಂದು ಹೆಸರು. ಇವುಗಳಲ್ಲಿ ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗರ ಬೋಟುಗಳು ಹೋಗುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಅರ್ಧ ಕಿಲೋಮೀಟರ್, ಅಗಲ ಸುಮಾರು 100 ಮೀಟರ್, ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 10 ಮೀಟರ್ ಆಸುಪಾಸು. ತೆಂಗಿನ ತೋಪು, ಚಿಪ್ಪು ತುಂಬಿದ ಮರಳದಂಡೆ, ಆ ದಂಡೆಯನ್ನು ಸುತ್ತುವರಿದ ಕಪ್ಪುಬಂಡೆ, ಇಷ್ಟೇ ಅಲ್ಲಿರುವುದು. ಆದರೆ ಆ ಬಂಡೆ ಭೂಮಿಯ ಒಡಲಿನಿಂದ ಉಕ್ಕಿ ಬಂದ ಲಾವಾ. ಅದು ಉಕ್ಕಿದ ಕಾಲದಲ್ಲಿ ಈ ದಂಡೆಗೆ ಅರಬ್ಬೀ ಸಮುದ್ರವೇ ಇರಲಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪದ ಕಂಬಗಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಈ ಮನ್ನಣೆ ಪಡೆದ ನೆಲೆಗಳು ನಾಲ್ಕು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ನೈಸ್ ಶಿಲೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಸೀಮೆಯ ಪೆದ್ದಪಲ್ಲಿಯ ಅಗ್ನಿಶಿಲಾ ರಾಶಿ ಉಳಿದ ಮೂರು. ಈ ನಾಲ್ಕರಲ್ಲಿ ಅತಿ ಹೆಚ್ಚು ಜನ ಮೆಟ್ಟಿ ಓಡಾಡುವ ನೆಲೆಗಳ ಪೈಕಿ ಮಲ್ಪೆಯ ದ್ವೀಪವೂ ಒಂದು. ಹಾಗೆ ಬಂದವರಲ್ಲಿ ಬಹುಪಾಲು ಜನ ದಂಡೆಯ ನೀರಿನಲ್ಲಿ ಆಡಿ, ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಸಿಳ್ಳೆ ಕೇಳಿಸುತ್ತಲೇ ಬೋಟು ಹತ್ತುತ್ತಾರೆ. ನೀರಾಟ ತಪ್ಪೇನಲ್ಲ. ಆದರೆ ಅಂಥ ಮರಳು ಮಲ್ಪೆಯಲ್ಲಿಯೂ ಇದೆ, ಕಾಪುವಿನಲ್ಲಿಯೂ ಇದೆ, ಪಡುಬಿದ್ರಿಯಲ್ಲಿಯೂ ಇದೆ. ತೆಂಗಿನ ದ್ವೀಪದಲ್ಲಿ ಕಾಣುವಂಥ ಬಂಡೆ ಕರ್ನಾಟಕದ ಕರಾವಳಿಯಲ್ಲಿ ಮತ್ತೊಂದು ಕಡೆ ಸಿಗುವುದಿಲ್ಲ. ದೋಣಿಯ ಖರ್ಚು ಸಾರ್ಥಕವಾಗುವುದು ಆ ಬಂಡೆಯನ್ನು ನೋಡಿದಾಗಲೇ.

ದಂಡೆಯಿಂದ ನಾಲ್ಕು ಹೆಜ್ಜೆ ನಡೆದರೆ ಕಂಬಗಲ್ಲುಗಳು ಶುರುವಾಗುತ್ತವೆ. ಕೆಲವೆಡೆ ಅವು ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ ನಿಂತಿವೆ. ಎತ್ತರದವು 6 ಮೀಟರಿನವರೆಗೂ ಏರಿವೆ. ಕೆಲವೆಡೆ ಒಂದೇ ಕಡೆಗೆ ವಾಲಿಕೊಂಡಿವೆ. ಅಲೆಯ ಹೊಡೆತಕ್ಕೆ ಮೇಲ್ಭಾಗ ಸವೆದುಹೋದಲ್ಲಿ ಬುಡಗಳಷ್ಟೇ ಉಳಿದು, ನೆಲಕ್ಕೆ ಬಹುಕೋನದ ಕಲ್ಲು ಹಾಸಿದ ಹಾಗೆ ಕಾಣುತ್ತದೆ. ಪ್ರತಿ ಕಂಬಕ್ಕೂ ಚಪ್ಪಟೆ ಮೈಗಳಿವೆ, ಆ ಮೈಗಳು ಸೇರುವಲ್ಲಿ ಅಂಚುಗಳಿವೆ. ಎಣಿಸುತ್ತಾ ಹೋದರೆ ಆರು ಮೈಯ ಕಂಬಗಳು ಬಹಳ ಸಿಗುತ್ತವೆ. ಐದು ಮೈಯವೂ ಏಳು ಮೈಯವೂ ನಡುನಡುವೆ ಬರುತ್ತವೆ. ಮನುಷ್ಯರು ಕಡೆದು ನಿಲ್ಲಿಸಿದ್ದಿರಬೇಕು ಎಂದು ಮೊದಲು ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಇಲ್ಲಿ ಉಳಿಯ ಕೆಲಸ ಏನೂ ನಡೆದಿಲ್ಲ. ಈ ಆಕಾರ ಬಂದದ್ದು ಬರಿಯ ತಣಿಯುವಿಕೆಯಿಂದ.

ಭೂಮಿಯ ಬಿರುಕಿನಿಂದ ಹೊರಬಂದ ಲಾವಾ ನೆಲದ ಮೇಲೆ ಹರಿದು ನಿಂತಾಗ ಮೇಲ್ಮೈ ಗಾಳಿಗೂ ತಳ ಕೆಳಗಿನ ನೆಲಕ್ಕೂ ಶಾಖ ಬಿಟ್ಟುಕೊಡುತ್ತದೆ. ಮೊದಲು ಗಟ್ಟಿಯಾಗುವವು ಈ ಎರಡು ಮೈಗಳು. ಬಂಡೆ ತಣಿದ ಹಾಗೆಲ್ಲ ಕುಗ್ಗಬೇಕು. ಪದರ ಎಲ್ಲ ದಿಕ್ಕಿಗೂ ಹರಡಿಕೊಂಡಿರುವುದರಿಂದ ಒಂದು ನಡುವಿನ ಕಡೆಗೆ ಸರಿದು ಕುಗ್ಗಲು ಅದಕ್ಕೆ ಜಾಗವಿಲ್ಲ. ಹೀಗಾಗಿ ಮೈ ಎಳೆದುಕೊಂಡು ಅಲ್ಲಲ್ಲೇ ಬಿರಿಯುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳದ ಜೇಡಿಮಣ್ಣು ಬಿಲ್ಲೆ ಬಿಲ್ಲೆಯಾಗಿ ಒಡೆಯುವುದನ್ನು ಮೈಸೂರಿನ ಬಳಿಯ ಇಲವಾಲದ ಸುತ್ತಿನ ರೈತರು ಕಂಡೇ ಇರುತ್ತಾರೆ. ಅಲ್ಲಿ ನೀರು ಹೋಗಿ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಹೋಗಿ ಕಲ್ಲು ಕುಗ್ಗುತ್ತದೆ. ಆದರೆ ಕೆರೆಯ ಬಿರುಕು ಹೆಚ್ಚು ಆಳಕ್ಕೆ ಹೋಗದೆ ನಿಂತುಬಿಡುತ್ತದೆ. ಲಾವಾದ ಬಿರುಕು ಒಳಗಿನ ಬಿಸಿ ಭಾಗ ತಣಿಯುತ್ತಾ ಹೋದಂತೆ ಅದರ ಹಿಂದೆಯೇ ಆಳಕ್ಕೆ ಇಳಿಯುತ್ತದೆ. ಬಿಲ್ಲೆ ಕಂಬವಾಗುವುದು ಹೀಗೆ.

ಕಂಬಗಳಿಗೆ ಆರು ಮೈಯೇ ಹೆಚ್ಚಾಗಿ ಏಕೆ ಎಂಬುದಕ್ಕೂ ಉತ್ತರವಿದೆ. ಬಂಡೆಯೊಳಗಿನ ಎಳೆತ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಕೂಡಿ, ಪರಸ್ಪರ 120 ಡಿಗ್ರಿ ಕೋನದಲ್ಲಿ ನೆಲೆಗೊಳ್ಳಲು ನೋಡುತ್ತವೆ. ಅಂಥ ಕೂಡುಬಿಂದುಗಳನ್ನು ಜೋಡಿಸಿದರೆ ಸಿಗುವ ಆಕಾರವೇ ಷಡ್ಭುಜ. ಒಂದು ಜಾಗವನ್ನು ಸಮ ಗಾತ್ರದ ತುಂಡುಗಳಾಗಿ ಕಡಿಮೆ ಬಿರುಕಿನಲ್ಲಿ ಹಂಚಬೇಕಾದರೆ ಷಡ್ಭುಜಕ್ಕಿಂತ ಮಿಗಿಲಾದ ಹಂಚಿಕೆ ಇಲ್ಲ. ಲಾವಾದ ದಪ್ಪ ಎಲ್ಲ ಕಡೆಯೂ ಒಂದೇ ಸಮ ಇರದೆ, ತಣಿಯುವ ವೇಗದಲ್ಲಿ ಏರುಪೇರಾದಾಗ ಐದು, ಏಳು ಮೈಗಳು ಬರುತ್ತವೆ. ಕಂಬದ ದಪ್ಪವೂ ತಣಿದ ವೇಗವನ್ನೇ ಹೇಳುತ್ತದೆ: ನಿಧಾನವಾಗಿ ತಣಿದರೆ ದಪ್ಪ ಕಂಬ, ಬೇಗ ತಣಿದರೆ ಸಣ್ಣ ಕಂಬ. ಬಿರುಕು ಯಾವಾಗಲೂ ತಣಿಯುವ ಮೈಗೆ ಲಂಬವಾಗಿ ಬೆಳೆಯುತ್ತದೆ. ಆದ್ದರಿಂದ ನೆಟ್ಟಗೆ ನಿಂತ ಕಂಬಗಳ ಕೆಳಗೆ ಒಂದು ಕಾಲದಲ್ಲಿ ಸಮತಟ್ಟಾದ ನೆಲವಿತ್ತೆಂದೂ, ವಾಲಿದ ಕಂಬಗಳಿರುವಲ್ಲಿ ಆ ಮೈ ಇಳಿಜಾರಾಗಿತ್ತೆಂದೋ ಅಥವಾ ಆಮೇಲೆ ನೆಲವೇ ವಾಲಿತೆಂದೋ ಊಹಿಸಬಹುದು.

ಬಿರುಕು ಒಮ್ಮೆಗೇ ಆಳಕ್ಕೆ ಇಳಿಯುವುದಿಲ್ಲ. ಸ್ವಲ್ಪ ಇಳಿದು ನಿಂತು, ಇನ್ನಷ್ಟು ತಣಿದ ಮೇಲೆ ಮತ್ತೆ ಸ್ವಲ್ಪ ಇಳಿಯುತ್ತದೆ. ಪ್ರತಿ ನಿಲುಗಡೆಯ ಗುರುತು ಕಂಬದ ಮೈಮೇಲೆ ಅಡ್ಡಪಟ್ಟಿಯಾಗಿ ಉಳಿಯುತ್ತದೆ. ಕಡಲ ಗಾಳಿ ಮತ್ತು ಉಪ್ಪು ನೀರಿಗೆ ಮೈಯೊಡ್ಡಿದ ಕಲ್ಲಿನಲ್ಲಿ ಈ ಪಟ್ಟಿಗಳು ಬಹುಮಟ್ಟಿಗೆ ಅಳಿಸಿಹೋಗಿರುತ್ತವೆ. ಇಳಿಬಿಸಿಲಿನ ಹೊತ್ತಿನಲ್ಲಿ, ಬೆಳಕು ಅಡ್ಡಡ್ಡ ಬೀಳುವಾಗ, ಮರೆಯಲ್ಲಿ ಉಳಿದ ಮೈಗಳ ಮೇಲೆ ಹುಡುಕಿದವರಿಗೆ ಸಿಕ್ಕಾವು.

ಈ ಬಂಡೆಯನ್ನು ಪ್ರವಾಸಿ ಬರಹಗಳು ಬಸಾಲ್ಟ್ ಎಂದು ಕರೆಯುವುದುಂಟು. ಅದು ಸರಿಯಲ್ಲ. ಬಸಾಲ್ಟ್‌ನಲ್ಲಿ ಸಿಲಿಕಾ ಅಂಶ ಕಡಿಮೆ. ಅದರ ಲಾವಾ ತೆಳ್ಳಗೆ ಬಹುದೂರ ಹರಿಯುತ್ತದೆ. ವಿಜಯಪುರ, ಕಲಬುರಗಿ ಕಡೆಯ ಕಪ್ಪು ನೆಲದ ಕೆಳಗಿರುವುದು ಅಂಥ ಬಸಾಲ್ಟ್, ಗೋಳಗುಮ್ಮಟ ಕಟ್ಟಿದ್ದೂ ಅದರಲ್ಲೇ. ಮಲ್ಪೆಯ ದ್ವೀಪದ ಕಲ್ಲು ರಯೊಲೈಟ್ ಮತ್ತು ಡೇಸೈಟ್ ಜಾತಿಯದು. ಇವುಗಳಲ್ಲಿ ಸಿಲಿಕಾ ಹೆಚ್ಚು. ಆದ್ದರಿಂದ ಲಾವಾ ಅಂಟಂಟಾಗಿ, ಗಟ್ಟಿಯಾಗಿ ಇರುತ್ತದೆ, ಹೆಚ್ಚು ದೂರ ಹರಿಯದೆ ದಪ್ಪ ಪದರವಾಗಿ ನಿಲ್ಲುತ್ತದೆ. ನುಣುಪಾದ ಹಿನ್ನೆಲೆಯಲ್ಲಿ ಬಿಳಿಚುಕ್ಕೆಗಳಂತೆ ಕಾಣುವ ಫೆಲ್ಡ್‌ಸ್ಪಾರ್ ಹರಳುಗಳು ಲಾವಾ ಇನ್ನೂ ನೆಲದೊಳಗಿದ್ದಾಗಲೇ ಬೆಳೆದವು. ಕಂಬಗಲ್ಲುಗಳಿಗೆ ಲೋಕಪ್ರಸಿದ್ಧವಾದ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ, ಮುಂಬಯಿಯ ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಉಳಿದಿರುವ ಗಿಲ್ಬರ್ಟ್ ಗುಡ್ಡ, ಇವೆರಡೂ ಬಸಾಲ್ಟ್ ಲಾವಾದ ಕೂಸುಗಳು. ಸಿಲಿಕಾ ಹೆಚ್ಚಿರುವ ಲಾವಾದಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬಗಳು ಸಿಗುವುದು ಅಷ್ಟು ಸಾಮಾನ್ಯವಲ್ಲ. ಆ ದೃಷ್ಟಿಯಿಂದ ತೆಂಗಿನ ದ್ವೀಪದ ಕಂಬಗಳ ಬೆಲೆ ಇನ್ನೂ ಹೆಚ್ಚು.

ದ್ವೀಪದ ಕಲ್ಲಿನ ವಯಸ್ಸನ್ನು ಅದರೊಳಗಿನ ಪೊಟ್ಯಾಸಿಯಂ ಮತ್ತು ಆರ್ಗಾನ್ ಪ್ರಮಾಣ ಅಳೆದು ಕಂಡುಹಿಡಿಯಲಾಗಿದೆ. ಪೊಟ್ಯಾಸಿಯಂನಲ್ಲಿ ಅತ್ಯಲ್ಪ ಭಾಗ ವಿಕಿರಣಶೀಲವಾದದ್ದು; ಅದು ಬಹು ನಿಧಾನವಾಗಿ ಕ್ಷಯಿಸುತ್ತಾ, ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಇದ್ದದ್ದರಲ್ಲಿ ಅರ್ಧ ಕರಗಲು ಸುಮಾರು 125 ಕೋಟಿ ವರ್ಷ ಬೇಕು. ಲಾವಾ ಕರಗಿದ ಸ್ಥಿತಿಯಲ್ಲಿರುವಾಗ ಆರ್ಗಾನ್ ತಪ್ಪಿಸಿಕೊಂಡು ಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳಿನೊಳಗೇ ಸೆರೆಯಾಗುತ್ತದೆ. ಹಾಗಾಗಿ ಸೆರೆಯಾದ ಆರ್ಗಾನ್ ಎಷ್ಟೆಂದು ತಿಳಿದರೆ ಲಾವಾ ಯಾವಾಗ ಗಟ್ಟಿಯಾಯಿತೆಂದು ಲೆಕ್ಕ ಹಾಕಬಹುದು. 1981ರಲ್ಲಿ ಪ್ರಕಟವಾದ ಅಧ್ಯಯನ ಈ ಕಲ್ಲಿಗೆ ಸುಮಾರು 9.3 ಕೋಟಿ ವರ್ಷ ಎಂದಿತು. 2001ರಲ್ಲಿ ಕಾಂಚನ್ ಪಾಂಡೆ, ಹೇತು ಶೇಠ್ ಮತ್ತು ಸಹೋದ್ಯೋಗಿಗಳು ಇನ್ನೂ ನಿಖರವಾದ ವಿಧಾನದಿಂದ ಅಳೆದು ಸುಮಾರು 8.56 ಕೋಟಿ ವರ್ಷ ಎಂದು ತೋರಿಸಿದರು. ದಖ್ಖನಿನ ಬಸಾಲ್ಟ್ ಹರಿವುಗಳು ಸುಮಾರು 6.6 ಕೋಟಿ ವರ್ಷದ ಹಿಂದಿನವು. ಅಂದರೆ ಮಲ್ಪೆಯ ದ್ವೀಪ ದಖ್ಖನಿನ ಜ್ವಾಲಾಮುಖಿಗಳ ತುಂಡಲ್ಲ. ಅವಕ್ಕಿಂತ ಸುಮಾರು 2 ಕೋಟಿ ವರ್ಷ ಹಿರಿಯದು.

ಆ ವಯಸ್ಸು ಒಂದು ದೊಡ್ಡ ಘಟನೆಯ ಕಾಲಕ್ಕೆ ಸರಿಹೊಂದುತ್ತದೆ. ಗೊಂಡ್ವಾನ ಎಂಬ ಮಹಾಖಂಡ ಒಡೆದಾಗ ಭಾರತ, ಮಡಗಾಸ್ಕರ್ ಮತ್ತು ಸೀಶೆಲ್ಸ್ ಒಂದೇ ತುಂಡಾಗಿ ಆಫ್ರಿಕಾದಿಂದ ಬೇರೆಯಾದವು. ಆ ತುಂಡಿನಲ್ಲಿ ಭಾರತದ ಪಶ್ಚಿಮ ಅಂಚು ಮಡಗಾಸ್ಕರಿನ ಪೂರ್ವ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಇಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಮರಿಯನ್ ಎಂಬ ಬಿಸಿತಾಣದ ಮೇಲೆ ಈ ನೆಲ ಇತ್ತು. ಆಳದಿಂದ ಶಾಖ ಮೇಲೇರಿ ನೆಲ ಹಿಗ್ಗಿ, ಬಿರುಕು ಬಿಟ್ಟು, ಬಿರುಕಿನುದ್ದಕ್ಕೂ ಲಾವಾ ಉಕ್ಕಿತು. ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲಿ, ಅದರ ದಕ್ಷಿಣದ ಆಂಡ್ರಾಯ್ ಪ್ರದೇಶದಲ್ಲಿ ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ವಿಸ್ತಾರವಾಗಿ ಹರಡಿವೆ. ಭಾರತದ ಪಾಲಿಗೆ ಉಳಿದದ್ದು ಕಡಿಮೆ. ಕೇರಳ, ಕರ್ನಾಟಕಗಳ ಒಳನಾಡಿನ ಕೆಲವು ಶಿಲಾಭಿತ್ತಿಗಳನ್ನು ಬಿಟ್ಟರೆ, ನೆಲದ ಮೇಲೆ ಹರಿದ ಲಾವಾ ಕಣ್ಣಿಗೆ ಕಾಣುವಂತೆ ಉಳಿದಿರುವುದು ಈ ಪುಟ್ಟ ದ್ವೀಪಗಳಲ್ಲಿ. ಬಿರುಕು ಅಗಲವಾಗಿ ನಡುವೆ ಕಡಲು ತುಂಬಿತು. ಭಾರತ ಬಡಗಣ ಹಾಗೂ ಮೂಡಣದ ಕಡೆಗೆ ಸರಿಯುತ್ತಾ ಹೋಯಿತು. ಮುಂದೆ ದಖ್ಖನಿನ ಲಾವಾ ಹರಿದ ಕಾಲದ ಸುಮಾರಿಗೆ ಸೀಶೆಲ್ಸ್ ಸಹ ಕಳಚಿಕೊಂಡಿತು. ಇಂದು ಮಲ್ಪೆಯಿಂದ ಮಡಗಾಸ್ಕರಿನ ಉತ್ತರ ತುದಿಗೆ ಹೆಚ್ಚುಕಡಿಮೆ 4,000 ಕಿಲೋಮೀಟರ್.

ಈ ಕಥೆಗೆ ಇನ್ನೊಂದು ಸಾಕ್ಷಿ ಕಲ್ಲಿನ ಕಾಂತೀಯ ಗುಣ. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ ದಿಕ್ಕಿಗೆ ಒಡ್ಡಿಕೊಂಡು ಹಾಗೆಯೇ ಹೆಪ್ಪುಗಟ್ಟುತ್ತವೆ. ದಿಕ್ಕಿನ ಓರೆ ಎಷ್ಟೆಂಬುದರಿಂದ ಆ ನೆಲ ಆಗ ಯಾವ ಅಕ್ಷಾಂಶದಲ್ಲಿತ್ತೆಂದು ತಿಳಿಯುತ್ತದೆ. ಇಂದು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕಿರುವ ಮಲ್ಪೆಯ ಕಲ್ಲು ಹುಟ್ಟಿದ್ದು ಸಮಭಾಜಕದಿಂದ ಬಹುದೂರ ದಕ್ಷಿಣದಲ್ಲಿ. ತೆಂಗಿನ ದ್ವೀಪದ ಪಡುವಣ ಅಂಚಿನಲ್ಲಿ ನಿಂತವರ ಎದುರಿಗಿರುವುದು ಎರಡು ಭೂಭಾಗಗಳು ಹರಿದು ಬೇರೆಯಾದ ಜಾಗ ಎಂಬುದನ್ನು ಒಂದು ಫಲಕದಲ್ಲಿ ಸ್ಪಷ್ಟವಾಗಿ, ಸರಳ ಕನ್ನಡದಲ್ಲಿ, ಚಿತ್ರಸಹಿತ ಬರೆದು ನಿಲ್ಲಿಸುವುದು ಅಗತ್ಯವಾದ ಕೆಲಸ.

ಇಲವಾಲದ ಕಡೆಯಿಂದ ಹೊರಡುವವರಿಗೆ ಈ ಪ್ರಯಾಣದಲ್ಲಿ ಒಂದು ವಿಶೇಷ ಅನುಕೂಲವಿದೆ. ಮೈಸೂರಿನಿಂದ ಇಲವಾಲದ ಮೇಲೆ ಹಾದುಹೋಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಬಂಟ್ವಾಳದ ಮೂಲಕ ಮಂಗಳೂರಿಗೆ ಸೇರುತ್ತದೆ. ಅಲ್ಲಿಂದ ಬಡಗಣಕ್ಕೆ ತಿರುಗಿ ಸುರತ್ಕಲ್, ಮೂಲ್ಕಿ, ಕಾಪುಗಳ ಮೇಲೆ ಉಡುಪಿ; ಉಡುಪಿಯಿಂದ ಮಲ್ಪೆಗೆ ಕೆಲವೇ ಕಿಲೋಮೀಟರ್. ಒಟ್ಟು ದೂರ ಸುಮಾರು 300 ಕಿಲೋಮೀಟರ್. ಕಲ್ಲಿನ ಮೇಲೆ ಗಮನವಿಟ್ಟರೆ ಈ ದಾರಿಯೇ ಒಂದು ಪಾಠ. ಇಲವಾಲದ ಹೊಲಗಳ ಕೆಳಗಿರುವುದು 300 ಕೋಟಿ ವರ್ಷ ದಾಟಿದ ನೈಸ್ ಶಿಲೆ. ಬಿಳಿ ಮತ್ತು ಬೂದು ಪಟ್ಟಿಗಳು ಹೆಣೆದುಕೊಂಡ ಈ ಕಲ್ಲು ಬಾವಿ ತೋಡಿದಲ್ಲೆಲ್ಲ ಸಿಗುತ್ತದೆ. ಅದೇ ಬಯಲಿನಲ್ಲಿ ಎದ್ದು ಕಾಣುವ ಚಾಮುಂಡಿ ಬೆಟ್ಟದ ಗ್ರಾನೈಟ್ ಅದಕ್ಕಿಂತ ಬಹಳ ಕಿರಿಯದು, ಸುಮಾರು 80 ಕೋಟಿ ವರ್ಷದ್ದು. ಘಾಟಿ ಇಳಿದ ಮೇಲೆ ರಸ್ತೆಯ ಬದಿಯಲ್ಲಿ ಕೆಂಪು ಮುರಕಲ್ಲು ಕಾಣತೊಡಗುತ್ತದೆ. ಮಳೆ ಮತ್ತು ಬಿಸಿಲಿನಲ್ಲಿ ಹಳೆಯ ಶಿಲೆ ಕೊಳೆತು, ಕಬ್ಬಿಣದ ಅಂಶ ಹೆಚ್ಚಾಗಿ ಉಳಿದು ಆದ ಕಲ್ಲು ಅದು. ಕರಾವಳಿಯ ಮನೆ, ಬಾವಿಕಟ್ಟೆ, ಪಾಗಾರಗಳೆಲ್ಲ ಅದರಲ್ಲೇ ಎದ್ದಿವೆ. ಆ ಕೆಂಪು ದಾಟಿ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಕಂಬಗಲ್ಲು.

ಇಲವಾಲದ ನೈಸ್ ಶಿಲೆಗೂ ಆ ದ್ವೀಪಕ್ಕೂ ಇರುವ ನಂಟು ಇನ್ನೂ ಆಳವಾದದ್ದು. ಮಡಗಾಸ್ಕರಿನ ಈಶಾನ್ಯದಲ್ಲಿ ಅಂತೊಂಜಿಲ್ ಕೊಲ್ಲಿಯ ಸುತ್ತ ಇರುವ 300 ಕೋಟಿ ವರ್ಷಕ್ಕೂ ಹಳೆಯ ನೈಸ್, ಪಶ್ಚಿಮ ಕರ್ನಾಟಕದ ಧಾರವಾಡ ಶಿಲಾಫಲಕದ ಮುಂದುವರಿದ ಭಾಗವೇ ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಒಂದೇ ನೆಲ ಎರಡಾಗಿ, ಒಂದು ಪಾಲು ಮೈಸೂರು ಸೀಮೆಯಲ್ಲಿಯೂ ಇನ್ನೊಂದು ಪಾಲು ಆಫ್ರಿಕಾದ ಮಗ್ಗುಲಿನಲ್ಲಿಯೂ ಉಳಿಯಿತು. ಬಿರುಕು ಬಿದ್ದ ಜಾಗದ ಗುರುತು ಮಲ್ಪೆಯ ಕಡಲಿನಲ್ಲಿದೆ. ಜೀವಿಗಳಲ್ಲಿಯೂ ಇಂಥ ನಂಟಿನ ಸುಳಿವು ಸಿಗುತ್ತದೆ. ಕರಾವಳಿಯ ಅಳಿವೆಗಳಲ್ಲಿ ಸಿಗುವ, ಕೇರಳದವರು ಕರಿಮೀನು ಎಂದು ಮೆಚ್ಚಿ ಉಣ್ಣುವ ಎಟ್ರೊಪ್ಲಸ್ ಮೀನಿನ ಹತ್ತಿರದ ಸಂಬಂಧಿಗಳಿರುವುದು ಮಡಗಾಸ್ಕರಿನ ಹೊಳೆಗಳಲ್ಲಿ. ಅದರದೇ ಒಂದು ಜಾತಿ ದಕ್ಷಿಣ ಕನ್ನಡದ ನದಿಗಳಲ್ಲಿದ್ದು, ಅದರ ವೈಜ್ಞಾನಿಕ ಹೆಸರಿನಲ್ಲಿಯೇ ಕೆನರಾ ಸೇರಿಕೊಂಡಿದೆ.

ದ್ವೀಪದ ಹೆಸರು ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದನೆಂದು ಹಲವರು ಬರೆಯುತ್ತಾರೆ. ಅವನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ ಇದು ನಡೆದದ್ದು ಮರಳುವಾಗ. 1498ರ ಮೇ ತಿಂಗಳಿನಲ್ಲಿ ಕಲ್ಲಿಕೋಟೆ ತಲುಪಿದ್ದ ಅವನು ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು, ಕರಾವಳಿಯ ಗುಂಟ ಬಡಗಣಕ್ಕೆ ಬರುತ್ತಾ ಸೆಪ್ಟೆಂಬರ್ ನಡುವಿನಲ್ಲಿ ಈ ದ್ವೀಪಗಳ ಬಳಿ ಲಂಗರು ಹಾಕಿದ. ಮೀನು ತುಂಬಿದ ದೋಣಿಗಳಲ್ಲಿ ಊರಿನವರು ಹಡಗಿನ ಬಳಿ ಬಂದರು. ಅವರಿಗೆ ಅಂಗಿಗಳನ್ನು ಉಡುಗೊರೆಯಾಗಿ ಕೊಡಲಾಯಿತು. ದೊರೆ ಮನುವೆಲ್ ಮೂರು ಕಲ್ಲುಕಂಬಗಳನ್ನು ದಾರಿಯಲ್ಲಿ ನೆಡಲು ಅಪ್ಪಣೆ ಕೊಟ್ಟಿದ್ದ. ಸೇಂಟ್ ರಫಾಯೆಲನ ಹೆಸರಿನದು ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಸೇಂಟ್ ಗೇಬ್ರಿಯೆಲನ ಹೆಸರಿನದು ಕಲ್ಲಿಕೋಟೆಯಲ್ಲಿ ಆಗಲೇ ಸಂದಿದ್ದವು. ಮೂರನೆಯದನ್ನು, ಸಾಂತಾ ಮರಿಯಾ ಹೆಸರಿನದನ್ನು, ಇಲ್ಲಿ ನೆಟ್ಟರು. ಆ ಕಂಬ ಈಗ ಉಳಿದಿಲ್ಲ, ಹೆಸರು ಉಳಿದಿದೆ. ಇಲ್ಲಿಂದ ಮುಂದೆ ಅವನ ಹಡಗುಗಳು ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಹೋದವು. ಗಾಮ ಬರುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಮಲ್ಪೆ ಹಡಗುಗಳ ಊರಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಮಧ್ವಾಚಾರ್ಯರು ಕಡಲಿನ ಅಪಾಯದಲ್ಲಿದ್ದ ಹಡಗೊಂದನ್ನು ಪಾರುಮಾಡಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿನ ಕೃಷ್ಣನನ್ನು ಉಡುಪಿಗೆ ತಂದರೆಂಬ ಐತಿಹ್ಯ ನಡೆಯುವುದೂ ಇದೇ ತೀರದಲ್ಲಿ. ಮಲ್ಪೆಯ ವಡಭಾಂಡೇಶ್ವರ ಬಲರಾಮ ಗುಡಿಯನ್ನು ಆ ಐತಿಹ್ಯದ ಜೊತೆಗೇ ನೆನೆಯುತ್ತಾರೆ.

ದರಿಯಾ ಬಹದ್ದೂರ್‌ಗಡ ದ್ವೀಪದಲ್ಲಿ ಬಿದನೂರಿನಿಂದ ಆಳಿದ ಕೆಳದಿ ಮನೆತನದ ಬಸಪ್ಪ ನಾಯಕ ಕಟ್ಟಿಸಿದನೆನ್ನುವ ಕೋಟೆಯ ಅವಶೇಷಗಳಿವೆ. ಘಟ್ಟದ ಮೇಲಿನ ಕೆಳದಿ ನಾಯಕರಿಗೆ ಕರಾವಳಿಯ ಅಕ್ಕಿ ಮತ್ತು ಮೆಣಸಿನ ವ್ಯಾಪಾರವೇ ಆದಾಯದ ದೊಡ್ಡ ಮೂಲ. ಅಳಿವೆಗಳ ಬಾಯಲ್ಲಿ ಕಾವಲು ಇಟ್ಟುಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. ಹೊನ್ನಾವರದ ಎದುರಿನ ಬಸವರಾಜದುರ್ಗವೂ ಅಂಥದೇ ಒಂದು ದ್ವೀಪಕೋಟೆ.

ತೆಂಗಿನ ದ್ವೀಪದ ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರುಗಳೇ ಬಹಳ. ಶಂಖ, ಕವಡೆ, ಮರುವಾಯಿಗಳ ಚಿಪ್ಪುಗಳನ್ನು ಅಲೆಗಳು ತಂದು ರಾಶಿ ಹಾಕುತ್ತವೆ. ಬಂಡೆಯ ಸಂದುಗಳಲ್ಲಿ, ಇಳಿತದ ಹೊತ್ತಿಗೆ ನೀರು ನಿಲ್ಲುವ ಹೊಂಡಗಳಲ್ಲಿ ಜೀವಂತ ಏಡಿ, ಬಸವನಹುಳು, ಬಂಡೆಗೆ ಕಚ್ಚಿಕೊಂಡ ಸಣ್ಣ ಚಿಪ್ಪುಜೀವಿಗಳು ಕಾಣುತ್ತವೆ. ಗರುಡ, ಬೆಳ್ಳಕ್ಕಿ, ಕಡಲಕಾಗೆಗಳು ಸದಾ ಸುಳಿಯುತ್ತಿರುತ್ತವೆ. ಬಂಡೆಯ ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು: ಅಲೆಗಳು ಈಗ ಮುಟ್ಟದ ಎತ್ತರದಲ್ಲಿ, ಅಲೆಗಳೇ ಹಿಂದೆ ಕೊರೆದ ಮಟ್ಟಸವಾದ ಜಗಲಿಗಳು ಹಂತ ಹಂತವಾಗಿವೆ. ಕಡಲು ಇಳಿದಿರಬೇಕು, ಇಲ್ಲವೇ ನೆಲ ಏರಿರಬೇಕು. ಮಂಗಳೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಕೆ.ಆರ್. ಸುಬ್ರಹ್ಮಣ್ಯ ಅವರು ಪಶ್ಚಿಮದ ಮೂಲ್ಕಿಯಿಂದ ಪೂರ್ವದ ಪುಲಿಕಾಟ್ ಸರೋವರದವರೆಗೆ ಪರ್ಯಾಯದ್ವೀಪದ ನೆಲ ಮೆಲ್ಲಗೆ ಉಬ್ಬುತ್ತಿದೆ ಎಂದು ವಾದಿಸಿದರು. ಮೂಲ್ಕಿ ಮಲ್ಪೆಗೆ ದೂರವಲ್ಲವಾದ್ದರಿಂದ ಈ ಜಗಲಿಗಳು ಆ ಚರ್ಚೆಯಲ್ಲಿ ಮುಖ್ಯವಾದ ಸಾಕ್ಷಿ.

ಯುರೋಪಿನ ಮೆಡಿಟರೇನಿಯನ್ ಸಮುದ್ರದಲ್ಲಿಯೂ ಜ್ವಾಲಾಮುಖಿ ದ್ವೀಪಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ಎಳೆಯವು. ಇಟಲಿಯ ಸ್ಟ್ರಾಂಬೊಲಿ ದ್ವೀಪ ಶತಮಾನಗಳಿಂದ ಬಿಡುವಿಲ್ಲದೆ, ಗಂಟೆಗೆ ಹಲವು ಬಾರಿ ಕೆಂಡ ಉಗುಳುತ್ತಲೇ ಇದೆ. 2019ರ ದೊಡ್ಡ ಸ್ಫೋಟದ ಮೇಲೆ ಅದರ ನೆತ್ತಿಗೆ ಹತ್ತುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. ಅದೂ ಅದರ ನೆರೆಯ ದ್ವೀಪಗಳೂ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಜ್ವಾಲಾಮುಖಿ ವಿಜ್ಞಾನಕ್ಕೆ ಅವು ಕೊಟ್ಟ ಕೊಡುಗೆಯ ಕಾರಣದಿಂದ. ಪಾಂಟೆಲೆರಿಯಾ ದ್ವೀಪದ ರೈತರು ಗಾಳಿಗೆ ಸಿಗದಂತೆ ಲಾವಾ ನೆಲದಲ್ಲಿ ಗುಣಿ ತೋಡಿ, ದ್ರಾಕ್ಷಿಯನ್ನು ಕುಳ್ಳ ಗಿಡವಾಗಿ ಬೆಳೆಸುತ್ತಾರೆ. ಆ ಬೇಸಾಯ ಕ್ರಮಕ್ಕೂ 2014ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಆದರೆ ಮಲ್ಪೆಯ ದ್ವೀಪಕ್ಕೆ ನಿಜವಾದ ಸೋದರಿ ಸಿಸಿಲಿಯ ಆಚಿ ತ್ರೆಜ್ಜಾ ಎಂಬ ಮೀನುಗಾರರ ಊರಿನೆದುರಿಗಿದೆ. ಅಲ್ಲಿನ ಪುಟ್ಟ ಕಲ್ಲುದ್ವೀಪಗಳೂ ಕಂಬಗಲ್ಲಿನವೇ, ಆದರೆ ಬಸಾಲ್ಟ್; ವಯಸ್ಸು ಸುಮಾರು 5 ಲಕ್ಷ ವರ್ಷ. ಗ್ರೀಕ್ ಕಥೆಯ ಒಕ್ಕಣ್ಣ ರಾಕ್ಷಸ ತಪ್ಪಿಸಿಕೊಂಡು ಹೋಗುತ್ತಿದ್ದ ಯುಲಿಸಿಸ್‌ನ ಹಡಗಿನತ್ತ ಎಸೆದ ಬಂಡೆಗಳು ಇವೇ ಎನ್ನುತ್ತಾರೆ. ಆ ಬಂಡೆ ಮತ್ತು ಸುತ್ತಲಿನ ಕಡಲು ಎರಡೂ ಈಗ ಸಂರಕ್ಷಿತ ಪ್ರದೇಶ. ಯುರೋಪಿನ ಆ ದ್ವೀಪಗಳಿಗೆ ಹೋಗುವವರು ಮರಳು ಮತ್ತು ಬಿಸಿಲಿನ ಜೊತೆಗೆ ಬೆಂಕಿಬೆಟ್ಟದ ಕಥೆಯನ್ನೂ ಕೇಳಿ ಬರುತ್ತಾರೆ. ಮಾರ್ಗದರ್ಶಿಗಳು, ಸಣ್ಣ ವಸ್ತುಸಂಗ್ರಹಾಲಯಗಳು, ನಡೆದಾಡುವ ಗುರುತು ಹಾಕಿದ ದಾರಿಗಳು ಅಲ್ಲಿವೆ. ಮಲ್ಪೆಯಲ್ಲಿಯೂ ಮೀನುಗಾರ ಮೊಗವೀರ ಸಮುದಾಯದ ಯುವಕರಿಗೆ ಕಡಲು ಗೊತ್ತು, ದ್ವೀಪ ಗೊತ್ತು. ಕಲ್ಲಿನ ಕಥೆಯ ತರಬೇತಿಯೂ ಸಿಕ್ಕರೆ ಅವರಿಗಿಂತ ಒಳ್ಳೆಯ ಮಾರ್ಗದರ್ಶಿಗಳು ಸಿಗಲಾರರು.

ದ್ವೀಪಕ್ಕೆ ಹೋಗುವ ಕಾಲ ಅಕ್ಟೋಬರಿನಿಂದ ಮೇ ತಿಂಗಳ ಮೊದಲರ್ಧದವರೆಗೆ. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ಪ್ರವಾಸಿ ಬೋಟುಗಳನ್ನು ನಿಲ್ಲಿಸುತ್ತಾರೆ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಆ ದಿನಗಳಲ್ಲಿ ಮಲ್ಪೆಯ ದಕ್ಕೆ ತುಂಬ ಬೋಟುಗಳು ಒತ್ತಾಗಿ ಕಟ್ಟಿಕೊಂಡಿರುತ್ತವೆ. ಉಳಿದ ಕಾಲದಲ್ಲಿ ಬೆಳಗಿನ ಮೊದಲ ಬೋಟಿಗೆ ಹೋಗುವುದು ಲೇಸು. ಬಿಸಿಲು ಏರಿದ ಮೇಲೆ ಕಪ್ಪುಬಂಡೆ ಕಾದು ಕಾಲಿಡಲು ಆಗುವುದಿಲ್ಲ, ನೆರಳಿರುವುದು ತೆಂಗಿನ ಮರಗಳಡಿಯಲ್ಲಿ ಮಾತ್ರ. ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ. ಸಾಧ್ಯವಾದರೆ ಇಳಿತದ ಹೊತ್ತನ್ನು ವಿಚಾರಿಸಿಕೊಂಡು ಹೊರಡಬೇಕು, ಏಕೆಂದರೆ ನೀರು ಇಳಿದಾಗಲೇ ಕಂಬಗಳ ಬುಡದ ಷಡ್ಭುಜಗಳು ಬಯಲಾಗುವುದು. ದೊಡ್ಡ ಬೋಟು ದಡಕ್ಕೆ ತಾಗಲು ಆಗದಿದ್ದರೆ ಚಿಕ್ಕ ದೋಣಿಗೆ ದಾಟಿಸಿ ಮೊಣಕಾಲುದ್ದದ ನೀರಿನಲ್ಲಿ ಇಳಿಸುತ್ತಾರೆ, ಹಾಗಾಗಿ ಜಾರದ ಅಟ್ಟೆಯ ಚಪ್ಪಲಿ ಬೇಕು. ಪಾಚಿ ಹಿಡಿದ ಕಂಬಗಳ ತುದಿ ಬಹಳ ಜಾರುತ್ತದೆ. ಬಂಡೆಗಳ ಅಂಚಿನಲ್ಲಿ ನೀರು ಒಮ್ಮೆಗೇ ಆಳವಾಗುವುದರಿಂದ, ಕಾವಲಿನವರು ಬೇಡವೆಂದ ಕಡೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ.

ಡಿಸೆಂಬರಿನಲ್ಲಿ ಮೈಸೂರು ಜಿಲ್ಲೆಯ ಶಾಲೆಗಳು ಕರಾವಳಿ ಪ್ರವಾಸಕ್ಕೆ ಹೊರಡುವಾಗ ಈ ದ್ವೀಪಕ್ಕೆ ಅರ್ಧ ದಿನ ಮೀಸಲಿಡುವುದು ಒಳ್ಳೆಯದು. ಹೋಗುವ ಮೊದಲು ಭೂಗೋಳದ ಶಿಕ್ಷಕರು ಭಾರತ ಮತ್ತು ಮಡಗಾಸ್ಕರಿನ ನಕ್ಷೆಗಳನ್ನು ಕಾಗದದಲ್ಲಿ ಕತ್ತರಿಸಿ ಮಕ್ಕಳ ಕೈಗೆ ಕೊಟ್ಟು ಅಂಚುಗಳನ್ನು ಕೂಡಿಸಲು ಹೇಳಬಹುದು. ದ್ವೀಪದಲ್ಲಿ ಒಂದೊಂದು ಗುಂಪಿಗೆ ಇಪ್ಪತ್ತೈದು ಕಂಬಗಳ ಮೈ ಎಣಿಸಿ, ದಪ್ಪ ಅಳೆದು ಬರೆದುಕೊಳ್ಳುವ ಕೆಲಸ ಕೊಟ್ಟರೆ, ಆರು ಮೈಯವು ಎಷ್ಟು, ಐದು ಮತ್ತು ಏಳು ಮೈಯವು ಎಷ್ಟು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಅಳತೆಗೆ ದಾರ ಮತ್ತು ಅಳತೆಪಟ್ಟಿ ಸಾಕು, ಸುತ್ತಿಗೆ ತರಕೂಡದು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಕಲ್ಲು ಒಡೆಯುವುದಾಗಲೀ, ಅದರ ಮೇಲೆ ಹೆಸರು ಕೆತ್ತುವುದಾಗಲೀ, ಚೂರು ಹೊತ್ತೊಯ್ಯುವುದಾಗಲೀ ಸಲ್ಲದು. ಚಿಪ್ಪುಗಳನ್ನೂ ದಂಡೆಯಲ್ಲೇ ಬಿಡಬೇಕು, ಸನ್ಯಾಸಿ ಏಡಿಗಳಿಗೆ ಅವೇ ಮನೆ. ತಿಂಡಿಯ ಪೊಟ್ಟಣ, ನೀರಿನ ಬಾಟಲಿಗಳನ್ನು ಬೋಟಿನಲ್ಲೇ ವಾಪಸು ತಂದು ಮಲ್ಪೆಯ ಕಸದ ತೊಟ್ಟಿಗೆ ಹಾಕಬೇಕು.